ದೀಪಧಾರಿಣಿಯ ಹಗಲು



ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಕೇಳದವರು ನಿಮ್ಮಲ್ಲಿ ಯಾರೂ ಇರಲಾರರು. ಕೈಯಲ್ಲಿ ದೀಪ ಹಿಡಿದು, ನರಳುವ ಸೈನಿಕರ ಮಂಚಗಳ ನಡುವೆ ಮೆಲ್ಲನೆ ಸಾಗುತ್ತಿರುವ ಆ ಸ್ತ್ರೀಯ ಚಿತ್ರವನ್ನು ನಾವೂ ಬಾಲ್ಯದಲ್ಲಿ ನಮ್ಮೂರ ಶಾಲೆಯ ಗೋಡೆಯ ಮೇಲೆ ಕಂಡಿದ್ದೆವು. ಕಳೆದ ವರ್ಷ ಎಂಟನೆಯ ಇಯತ್ತೆಯಲ್ಲಿ ಆಕೆಯ ವಿಷಯ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ರಾತ್ರಿ ದೀಪ ಹಿಡಿದು ತಿರುಗುತ್ತಿದ್ದ ಈಕೆ ಹಗಲೆಲ್ಲ ಏನು ಮಾಡುತ್ತಿದ್ದಳೆಂದು ಕೇಳಿದಳು. ಆ ಬಾಲಿಕೆಯ ತಾಯಿ ಈ ನಗರದ ಒಂದು ಆಸ್ಪತ್ರೆಯಲ್ಲಿ ದಾದಿ. ಹಗಲುಪಾಳಿ, ರಾತ್ರಿಪಾಳಿಗಳ ಭೇದ ಅವಳಿಗೆ ಮನೆಯಲ್ಲಿಯೇ ತಿಳಿದ ಸಂಗತಿ. ನಮಗೆ ಒಡನೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ಓದಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇವೆ.

ಈಕೆ ಹುಟ್ಟಿದ್ದು 1820ನೆಯ ಇಸವಿಯ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆತಾಯಿಗಳು ಇಂಗ್ಲೆಂಡಿನ ಸಿರಿವಂತರು. ತಂದೆಯು ಮಗಳಿಗೆ ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ತಾನೇ ಕಲಿಸಿದನು. ಆಕೆಗಾದರೋ ಗಣಿತದಲ್ಲಿ ಅತಿಶಯವಾದ ಪ್ರೀತಿ. ಅಂಕಿಗಳೊಡನೆ ಬೆಳೆದ ಈ ಸ್ನೇಹವನ್ನು ನೆನಪಿನಲ್ಲಿಡಿರಿ. ಮುಂದೆ ಅದರ ಕೆಲಸವಿದೆ. ರೋಗಿಗಳ ಶುಶ್ರೂಷೆಯೇ ತನ್ನ ಬಾಳಿನ ಕಾರ್ಯವೆಂದು ಆಕೆ ತರುಣ ವಯಸ್ಸಿನಲ್ಲಿಯೇ ನಿಶ್ಚಯಿಸಿದಳು. ಆದರೆ ಅಂದಿನ ಇಂಗ್ಲೆಂಡಿನಲ್ಲಿ ದಾದಿಯ ವೃತ್ತಿಗೆ ಮರ್ಯಾದೆಯಿರಲಿಲ್ಲ. ಮನೆಯವರ ವಿರೋಧದಲ್ಲಿ ಹಲವು ವರ್ಷಗಳು ಕಳೆದುಹೋದವು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬಲ್ಲಿ ಮೂರು ತಿಂಗಳು ಶಿಕ್ಷಣ ಪಡೆದು, 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು.

ಅಷ್ಟರಲ್ಲಿ ಕ್ರಿಮಿಯಾ ಯುದ್ಧವು ತೊಡಗಿತು. ಇಂಗ್ಲೆಂಡ್, ಫ್ರಾನ್ಸ್ ಮತ್ತು ತುರ್ಕಸ್ಥಾನಗಳು ಒಂದು ಕಡೆ, ರಷ್ಯಾ ಇನ್ನೊಂದು ಕಡೆ. ಗಾಯಗೊಂಡ ಆಂಗ್ಲ ಸೈನಿಕರನ್ನು ಹಡಗುಗಳಲ್ಲಿ ತುಂಬಿ, ಕಪ್ಪು ಸಮುದ್ರವನ್ನು ದಾಟಿಸಿ, ಕಾನ್‌ಸ್ಟಾಂಟಿನೋಪಲ್ ನಗರದ ಎದುರುದಡದಲ್ಲಿರುವ ಸ್ಕುಟಾರಿಗೆ ತರುತ್ತಿದ್ದರು. ದಾರಿಯಲ್ಲಿಯೇ ಅನೇಕರು ಸಾಯುತ್ತಿದ್ದರು. ಬದುಕಿ ಬಂದವರಿಗೆ ಹಾಸಿಗೆಯಿಲ್ಲ, ಬಟ್ಟೆಯಿಲ್ಲ ಎಂಬ ವಾರ್ತೆಯನ್ನು ಲಂಡನ್ನಿನ ಟೈಮ್ಸ್ ಪತ್ರಿಕೆಯು 1854ರ ಅಕ್ಟೋಬರದಲ್ಲಿ ಪ್ರಕಟಿಸಿದಾಗ ದೇಶವೇ ಕಳವಳಗೊಂಡಿತು. ಯುದ್ಧಖಾತೆಯ ಮಂತ್ರಿಯಾಗಿದ್ದ ಸಿಡ್ನಿ ಹರ್ಬರ್ಟನ ವಿನಂತಿಯಂತೆ ನೈಟಿಂಗೇಲಳು 38 ಮಂದಿ ದಾದಿಯರೊಡನೆ ಹೊರಟು, ನವೆಂಬರ್ 4ರಂದು ಅಲ್ಲಿಗೆ ತಲುಪಿದಳು.

ಅಲ್ಲಿ ಆಕೆ ಕಂಡುದೇನು? ಆಸ್ಪತ್ರೆಯೆಂದರೆ ತುರ್ಕರ ಒಂದು ಹಳೆಯ ಸೈನಿಕ ವಸತಿ. ಓಣಿಗಳುದ್ದಕ್ಕೂ ಒತ್ತೊತ್ತಾಗಿ ಹಾಸಿದ ಹಾಸಿಗೆಗಳ ಸಾಲನ್ನು ಅಳೆದರೆ ಸುಮಾರು ನಾಲ್ಕು ಮೈಲಾಗುತ್ತಿತ್ತು. ಕಟ್ಟಡದ ಕೆಳಗೆ ಕಟ್ಟಿಕೊಂಡ ಚರಂಡಿಗಳು. ಬೋಗುಣಿ, ಸಾಬೂನು, ಕಸಬರಿಗೆಗಳಂತಹ ಸಾಮಾನ್ಯ ವಸ್ತುಗಳಿಗೂ ಅಭಾವ. ಸೈನಿಕನು ತನ್ನ ಅಂಗಿ, ಚಮಚಗಳನ್ನು ತಾನೇ ತರತಕ್ಕದ್ದೆಂದು ನಿಯಮವಿತ್ತು. ಆದರೆ ಅವರ ಚೀಲಗಳನ್ನು ಯುದ್ಧಭೂಮಿಯಲ್ಲಿಯೇ ಬಿಟ್ಟುಬರುವಂತೆ ಮೇಲಿನವರ ಆಜ್ಞೆಯಾಗಿತ್ತು! ಆದ್ದರಿಂದ ಅಂಗಿ ಕೊಡುವುದು ತನ್ನ ಕರ್ತವ್ಯವಲ್ಲವೆಂದು ಉಗ್ರಾಣದ ಅಧಿಕಾರಿ ಕುಳಿತಿದ್ದನು. ಅವನನ್ನು ದುಷ್ಟನೆಂದು ನಾವು ಹೇಳಲಾರೆವು. ಅವನು ಪುಸ್ತಕವನ್ನು ನೋಡಿ ನಡೆಯುತ್ತಿದ್ದನು, ಅಷ್ಟೆ.

ವೈದ್ಯಾಧಿಕಾರಿಗಳಿಗೆ ಸ್ತ್ರೀಯರ ಈ ತಂಡವು ಬೇಡವಾಗಿತ್ತು. ಕರೆಯದೆ ಯಾರೂ ರೋಗಿಯನ್ನು ಮುಟ್ಟಕೂಡದೆಂದು ನೈಟಿಂಗೇಲಳು ತನ್ನ ದಾದಿಯರಿಗೆ ಕಟ್ಟುನಿಟ್ಟಾಗಿ ಹೇಳಿದಳು. ಪಕ್ಕದ ಕೋಣೆಯಲ್ಲಿ ಜನ ನರಳುತ್ತಿರುವಾಗ ಅವರು ಹಳೆಯ ಅರಿವೆಗಳನ್ನು ಹರಿದು ಪಟ್ಟಿ ಹೊಲಿಯುತ್ತ ಕುಳಿತರು. ಇದು ಕಠೋರವೆಂದು ಮೊದಲು ನಮಗೂ ತೋರಿತು. ಆದರೆ ಕೆಲವೇ ದಿನಗಳಲ್ಲಿ, ಇಂಕರ್ಮನ್ ಕಾಳಗದ ಗಾಯಾಳುಗಳು ರಾಶಿರಾಶಿಯಾಗಿ ಬಂದಿಳಿದಾಗ, ವೈದ್ಯರೇ ಬಂದು ಕರೆದರು. ಹಾಗೆ ಕರೆಯಿಸಿಕೊಂಡು ಒಳಹೊಕ್ಕವರನ್ನು ಮತ್ತೆ ಹೊರದೂಡುವುದು ಸುಲಭವಾಗಿರಲಿಲ್ಲ.

ಈಗ ಆ ಬಾಲಿಕೆಯ ಪ್ರಶ್ನೆಗೆ ಬರೋಣ. ಹಗಲಿನಲ್ಲಿ ನೈಟಿಂಗೇಲಳು ಉಗ್ರಾಣ ನಡೆಸುತ್ತಿದ್ದಳು, ಲೆಕ್ಕ ಬರೆಯುತ್ತಿದ್ದಳು. ಟೈಮ್ಸ್ ಪತ್ರಿಕೆಯು ಕೂಡಿಸಿದ ನಿಧಿಯಿಂದಲೂ ತನ್ನ ಹಣದಿಂದಲೂ ಕಾನ್‌ಸ್ಟಾಂಟಿನೋಪಲ್ಲಿನ ಪೇಟೆಯಲ್ಲಿ ಅಂಗಿ, ಕಾಲುಚೀಲ, ತಟ್ಟೆ, ಸಾಬೂನುಗಳನ್ನು ಕೊಳ್ಳಿಸುತ್ತಿದ್ದಳು. ಆದರೆ ವೈದ್ಯನ ರುಜುವಿರುವ ಬೇಡಿಕೆಚೀಟಿಯಿಲ್ಲದೆ ಒಂದು ಅಂಗಿಯನ್ನೂ ಕೊಡುತ್ತಿರಲಿಲ್ಲ. ಬಟ್ಟೆ ಒಗೆಯುವ ವ್ಯವಸ್ಥೆಯೇ ಇಲ್ಲದುದನ್ನು ಕಂಡು, ಒಂದು ಮನೆಯನ್ನು ಬಾಡಿಗೆಗೆ ಹಿಡಿದು, ಹಂಡೆಗಳನ್ನು ಹೂಡಿಸಿ, ಸೈನಿಕರ ಹೆಂಡಿರಿಗೆ ಕೂಲಿ ಕೊಟ್ಟು ಒಗೆಯಿಸಿದಳು. ಆಸ್ಪತ್ರೆಯ ಅಡಿಗೆಮನೆಯಲ್ಲಿ ಮಾಂಸವನ್ನು ಮೂಳೆಸಹಿತ ತೂಗಿ ಹಂಚುತ್ತಿದ್ದರು. ಒಬ್ಬನ ಪಾಲಿಗೆ ಮಾಂಸ, ಇನ್ನೊಬ್ಬನ ಪಾಲಿಗೆ ಬರಿಯ ಎಲುಬು. ಮೂಳೆ ತೆಗೆದು ಹಂಚಬಾರದೇ ಎಂದು ಕೇಳಿದರೆ, ಅದಕ್ಕೆ ಹೊಸ ನಿಯಮವೇ ಆಗಬೇಕೆಂಬ ಉತ್ತರ ಬಂತು. ಆಕೆ ವಾದಕ್ಕೆ ನಿಲ್ಲದೆ, ತೀರ ಬಳಲಿದವರಿಗಾಗಿ ಗಂಜಿ, ಸಾರುಗಳ ಬೇರೆ ಅಡಿಗೆಮನೆಗಳನ್ನು ತೆರೆದಳು. ಇಂಗ್ಲೆಂಡಿನಿಂದ 27,000 ಅಂಗಿಗಳು ಬಂದಿಳಿದಾಗ, ಮಂಡಳಿಯು ಸೇರದೆ ಗಂಟು ಬಿಚ್ಚಲಾಗದೆಂದು ಅಧಿಕಾರಿಯು ಹಟ ಹಿಡಿದನು. ಹೊರಗೆ ಚಳಿಗಾಲ, ಮೂರು ವಾರಗಳವರೆಗೆ ಗಂಟುಗಳು ಹಾಗೆಯೇ ಬಿದ್ದಿದ್ದವು. ಡಿಸೆಂಬರದಲ್ಲಿ ಇನ್ನೂ ನೂರಾರು ರೋಗಿಗಳು ಬರುವರೆಂದು ತಿಳಿದಾಗ, ಪಾಳುಬಿದ್ದಿದ್ದ ಒಂದು ಭಾಗವನ್ನು ಇನ್ನೂರು ಕೆಲಸಗಾರರಿಂದ ದುರಸ್ತಿ ಮಾಡಿಸಿ ಆಕೆಯೇ ಹಣ ಕೊಟ್ಟಳು. ಸರಕಾರವು ಅದನ್ನು ಆಮೇಲೆ ತುಂಬಿಕೊಟ್ಟಿತು.

ಆಕೆಯದು ಮೃದುಸ್ವಭಾವವೆಂದು ತಿಳಿಯಬೇಡಿರಿ. ಕುಡಿದ ದಾದಿಯರನ್ನು ಹಿಂದಕ್ಕೆ ಅಟ್ಟಿದಳು. ತನ್ನನ್ನು ಕೇಳದೆ 46 ಮಂದಿ ದಾದಿಯರ ಇನ್ನೊಂದು ತಂಡವನ್ನು ಕಳುಹಿಸಿದಾಗ, ಅವರಿಗೆ ಸ್ಥಳವೆಲ್ಲಿ, ಅನ್ನವೆಲ್ಲಿ ಎಂದು ಸಿಡ್ನಿ ಹರ್ಬರ್ಟನಿಗೇ ಕೋಪದ ಪತ್ರ ಬರೆದು ಕೆಲಸ ಬಿಡಲು ಸಿದ್ಧಳಾದಳು. ಸೈನಿಕರ ವಿಷಯದಲ್ಲಿ ಮಾತ್ರ ಆಕೆಗೆ ಅಪಾರ ವಿಶ್ವಾಸ. ಅವರು ಸಂಬಳವನ್ನು ಕುಡಿದು ಕಳೆಯುವುದು ಮನೆಗೆ ಕಳುಹಿಸಲು ಸೌಕರ್ಯವಿಲ್ಲದೆ ಎಂದು ಆಕೆಯ ಮತವಾಗಿತ್ತು. ಕೊನೆಗೆ ಸರಕಾರವು ಹಣ ರವಾನಿಸುವ ಕಚೇರಿಗಳನ್ನು ತೆರೆದಾಗ ಆರು ತಿಂಗಳಲ್ಲಿ ಸುಮಾರು 71,000 ಪೌಂಡುಗಳು ಮನೆಗಳಿಗೆ ಹೋದವು. ಊರಿಗೆ ಮನಿಆರ್ಡರು ಕಳುಹಿಸಿ ಬದುಕು ಕಟ್ಟಿದ ಹಿರಿಯರ ಮಕ್ಕಳು, ಮೊಮ್ಮಕ್ಕಳು ನೀವು. ಇದರ ಬೆಲೆಯನ್ನು ನಿಮಗೆ ವಿವರಿಸಬೇಕಾಗಿಲ್ಲ.

ಸಂಜೆಯ ಮೇಲೆ ಆಕೆ ದೀಪ ಹಿಡಿದು ಹೊರಡುತ್ತಿದ್ದುದೂ ನಿಜವೇ. ಅದು ಚಿತ್ರಗಳಲ್ಲಿ ಕಾಣುವ ಅಲ್ಲಾವುದ್ದೀನನ ದೀಪದಂತಹುದಲ್ಲ. ತುರ್ಕರು ಬಳಸುತ್ತಿದ್ದ, ಮಡಚಬಲ್ಲ ಒಂದು ಸಾಧಾರಣ ಕಂದೀಲು.

ಇಷ್ಟೆಲ್ಲ ನಡೆದರೂ ಸಾವು ನಿಲ್ಲಲಿಲ್ಲ! ಚರಿತ್ರೆಯ ಈ ಭಾಗವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಆಕೆ ಬಂದ ಮೇಲೆ, ಆ ಮೊದಲ ಚಳಿಗಾಲದಲ್ಲಿ, ಸಾವು ಏರುತ್ತಲೇ ಹೋಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಸೈನಿಕರು ಅಲ್ಲಿ ಮಡಿದರು. 1855ರ ಫೆಬ್ರವರಿಯಲ್ಲಿ ನೂರು ರೋಗಿಗಳಲ್ಲಿ 42 ಮಂದಿ ಸತ್ತರು. ಹೆಚ್ಚಿನವರು ಸತ್ತುದು ಗಾಯದಿಂದಲ್ಲ, ವಾಂತಿಭೇದಿ, ಆಮಶಂಕೆ, ವಿಷಮಜ್ವರಗಳಿಂದ. ಮಾರ್ಚಿಯಲ್ಲಿ ವೈದ್ಯ ಸದರ್ಲೆಂಡ್, ಎಂಜಿನಿಯರ್ ರಾಲಿನ್ಸನ್ ಮೊದಲಾದವರ ನೈರ್ಮಲ್ಯ ಆಯೋಗವು ಲಂಡನ್ನಿನಿಂದ ಬಂದಿತು. ಅವರು ಚರಂಡಿಗಳನ್ನು ತೊಳೆಯಿಸಿದರು, ನೂರಾರು ಗಾಡಿ ಹೊಲಸನ್ನು ಸಾಗಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ಗಾಳಿಗೆ ದಾರಿ ಮಾಡಿಸಿದರು. ನೀರು ಬರುವ ಕಾಲುವೆಯಲ್ಲಿ ಸತ್ತ ಕುದುರೆಯೊಂದು ಸಿಕ್ಕಿತು. ಜೂನ್ ಹೊತ್ತಿಗೆ ಸಾವು ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು.

ಆಗಲೂ ನೈಟಿಂಗೇಲಳು ಪೂರ್ಣ ಅರ್ಥವನ್ನು ಗ್ರಹಿಸಿರಲಿಲ್ಲ. ಸೈನಿಕರು ಹಸಿದು, ಬಳಲಿ, ತಡವಾಗಿ ಬಂದುದರಿಂದ ಸತ್ತರೆಂದೇ ಆಕೆಯ ನಂಬಿಕೆ. 1856ರ ಆಗಸ್ಟಿನಲ್ಲಿ, ಸ್ವಾಗತ ಮೆರವಣಿಗೆಗಳನ್ನು ತಪ್ಪಿಸಿಕೊಳ್ಳಲು ಬೇರೆ ಹೆಸರಿನಿಂದ ಪ್ರಯಾಣ ಮಾಡಿ ಮನೆಗೆ ಮರಳಿದಳು. ಅನಂತರ ಅಂಕಿಅಂಶ ಶಾಸ್ತ್ರಜ್ಞನಾದ ವಿಲಿಯಂ ಫಾರ್‌ನೊಡನೆ ಕುಳಿತು ಸತ್ತವರ ಲೆಕ್ಕವನ್ನು ಪರೀಕ್ಷಿಸಿದಳು. ರಣರಂಗದ ಸಮೀಪದ ಸಣ್ಣ ಶಿಬಿರಾಸ್ಪತ್ರೆಗಳಲ್ಲಿ ಸಾವಿನ ಪ್ರಮಾಣವು ಸ್ಕುಟಾರಿಗಿಂತ ಬಹಳ ಕಡಿಮೆಯಿತ್ತು! ತಾನು ಹಗಲಿರುಳು ದುಡಿದ ಆಸ್ಪತ್ರೆಯೇ, ತನ್ನ ಕಾಲಕೆಳಗಿನ ಚರಂಡಿಯೇ, ಅವರನ್ನು ಕೊಂದಿತ್ತು. ಲೋಕವೆಲ್ಲ ಹೊಗಳುತ್ತಿದ್ದ ಕಾಲವದು; ಸುಮ್ಮನಿದ್ದರೆ ಕೇಳುವವರಿರಲಿಲ್ಲ. ಆಕೆ ಸುಮ್ಮನಿರಲಿಲ್ಲ. ಅದೇ ಅಂಕಿಗಳನ್ನು ಬಣ್ಣದ ಚಕ್ರಾಕಾರದ ಚಿತ್ರಗಳನ್ನಾಗಿ ಬಿಡಿಸಿ, ತಿಂಗಳು ತಿಂಗಳಿಗೆ ಎಷ್ಟು ಜನ ತಡೆಯಬಹುದಾದ ರೋಗದಿಂದ ಸತ್ತರೆಂಬುದನ್ನು ಓದುಬಾರದವನಿಗೂ ಕಾಣುವಂತೆ 1858ರಲ್ಲಿ ಅಚ್ಚುಮಾಡಿಸಿದಳು. ಅದೇ ವರ್ಷ ಆಕೆಯನ್ನು ಲಂಡನ್ನಿನ ಸ್ಟಾಟಿಸ್ಟಿಕಲ್ ಸೊಸೈಟಿಯು ತನ್ನ ಪ್ರಥಮ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು.

ಕ್ರಿಮಿಯಾದಲ್ಲಿ ತಗುಲಿದ ಜ್ವರದಿಂದ ಆಕೆಯ ದೇಹವು ಮುರಿದಿತ್ತು. ಅನೇಕ ವರ್ಷ ಹಾಸಿಗೆಯಲ್ಲಿದ್ದುಕೊಂಡೇ ಕೆಲಸ ಮಾಡಿದಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ತೆರೆಯಿತು. ಭಾರತಕ್ಕೆ ಆಕೆ ಎಂದೂ ಬರಲಿಲ್ಲ. ಆದರೂ ಇಲ್ಲಿನ ದಂಡುಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿ, ನೀರೆಲ್ಲಿಂದ, ಚರಂಡಿಯೆಲ್ಲಿಗೆ ಎಂದು ವಿಚಾರಿಸಿದಳು. ಬೆಂಗಳೂರಿನ ದಂಡೂ ಅವುಗಳಲ್ಲಿ ಒಂದು. ಇಲ್ಲಿನ ಬ್ರಿಟಿಷ್ ಸೈನ್ಯದಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂಬುದು 1863ರ ವರದಿಯಿಂದ ಹೊರಬಿದ್ದಿತು. ನಮ್ಮ ಹಿರಿಯರು ಧಾತು ಈಶ್ವರ ಬರವೆಂದು ಕರೆಯುತ್ತಿದ್ದ 1876ರಿಂದ 78ರವರೆಗಿನ ಕ್ಷಾಮವು ಮೈಸೂರು, ಬಳ್ಳಾರಿ, ಧಾರವಾಡಗಳನ್ನು ಸುಟ್ಟಾಗ, ನೀರಾವರಿಯನ್ನೂ ರೈತನ ಸಾಲವನ್ನೂ ಕುರಿತು ಆಕೆ ಲಂಡನ್ನಿನ ಪತ್ರಿಕೆಯಲ್ಲಿ ಬರೆದಳು.

1910ರ ಆಗಸ್ಟ್ 13ರಂದು ತೊಂಬತ್ತರ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ರಾಷ್ಟ್ರಗೌರವದೊಡನೆ ಸಮಾಧಿ ಮಾಡಬೇಕೆಂಬ ಸೂಚನೆಯನ್ನು ಬಂಧುಗಳು ಒಪ್ಪಲಿಲ್ಲ. ಹ್ಯಾಂಪ್‌ಶೈರ್ ಪ್ರಾಂತದ ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಚರ್ಚಿನ ಅಂಗಳದಲ್ಲಿ, ಮನೆಯವರ ಸಮಾಧಿಗಳ ನಡುವೆ ಆಕೆಯನ್ನು ಹೂಳಿದರು. ಕಲ್ಲಿನ ಮೇಲೆ ಹೆಸರಿನ ಎರಡು ಮೊದಲಕ್ಷರಗಳೂ ಹುಟ್ಟಿದ, ಮಡಿದ ದಿನಾಂಕಗಳೂ ಮಾತ್ರ ಇವೆ.