ಸ್ವರಲಿಪಿಗೆ ಮಾತ್ರ ತಲೆಬಾಗಿದ ಟೋಸ್ಕನಿನಿ

1931ರ ಮೇ 14ರ ಸಂಜೆ. ಇಟಲಿಯ ಬೊಲೊನ್ಯಾ ನಗರದ ರಂಗಮಂದಿರದ ಬಾಗಿಲಲ್ಲಿ 64 ವರ್ಷದ ಸಂಗೀತಗಾರರೊಬ್ಬರನ್ನು ಫ್ಯಾಸಿಸ್ಟರ ಗುಂಪೊಂದು ಸುತ್ತುವರಿಯಿತು. ಅವರ ಮುಖಕ್ಕೆ ಏಟು ಬಿತ್ತು. ದಿವಂಗತ ಸಂಗೀತಕಾರ ಮಾರ್ತುಚ್ಚಿಯ ಸ್ಮರಣಾರ್ಥ ಏರ್ಪಟ್ಟಿದ್ದ ಕಛೇರಿಯಲ್ಲಿ ಮುಸೊಲಿನಿ ಪಕ್ಷದ ಗೀತೆಯನ್ನು ನುಡಿಸಲು ಒಪ್ಪದಿದ್ದುದೇ ಅವರ ಅಪರಾಧವಾಗಿತ್ತು. ಅವರು ಆರ್ಟುರೊ ಟೋಸ್ಕನಿನಿ, ಆ ಕಾಲದ ಅತ್ಯಂತ ಪ್ರಸಿದ್ಧ ವಾದ್ಯವೃಂದ ನಿರ್ದೇಶಕ.

1867ರ ಮಾರ್ಚ್ 25ರಂದು ಪಾರ್ಮಾದ ದರ್ಜಿಯೊಬ್ಬರ ಮಗನಾಗಿ ಹುಟ್ಟಿದ ಟೋಸ್ಕನಿನಿ ಕಲಿತದ್ದು ಚೆಲ್ಲೊ ವಾದನ. 1886ರಲ್ಲಿ ರಿಯೊ ಡಿ ಜನೈರೊದಲ್ಲಿ ಪ್ರವಾಸಿ ಒಪೆರಾ ತಂಡದ ನಿರ್ದೇಶಕರ ಜಗಳದಿಂದ ‘ಐದಾ’ ಪ್ರದರ್ಶನ ನಿಂತುಹೋಗುವಂತಾದಾಗ, ಸಹವಾದಕರು ಈ 19ರ ಹುಡುಗನನ್ನು ಮುಂದೆ ತಳ್ಳಿದರು. ಇಡೀ ಒಪೆರಾವನ್ನು ಆತ ನೆನಪಿನಿಂದಲೇ ನಡೆಸಿದ. ಕಣ್ಣಿನ ದೃಷ್ಟಿ ಮಂದವಾಗಿದ್ದುದರಿಂದ ಕಂಠಪಾಠ ಅವರಿಗೆ ಪ್ರದರ್ಶನದ ವಸ್ತುವಾಗಿರಲಿಲ್ಲ, ಅನಿವಾರ್ಯವಾಗಿತ್ತು.

ನಮ್ಮ ಕಛೇರಿಗಳಲ್ಲಿ ಮನೋಧರ್ಮವೇ ಪ್ರಾಣ. ಪಾಶ್ಚಾತ್ಯ ವಾದ್ಯವೃಂದದಲ್ಲಿ ರಚನಕಾರ ಬರೆದಿಟ್ಟ ಸ್ವರಲಿಪಿಯೇ ಪ್ರಮಾಣ. ಆದರೆ ಅಂದಿನ ಇಟಲಿಯ ಒಪೆರಾದಲ್ಲಿ ಗಾಯಕರು ಚಪ್ಪಾಳೆಗಾಗಿ ಸ್ವರಗಳನ್ನು ಎಳೆಯುತ್ತಿದ್ದರು, ಪ್ರೇಕ್ಷಕರು ಕೂಗಿದರೆ ಹಾಡು ಮರುಕಳಿಸುತ್ತಿತ್ತು. ಟೋಸ್ಕನಿನಿ ಇದನ್ನೆಲ್ಲ ನಿಲ್ಲಿಸಹೊರಟರು. ಮಿಲಾನಿನ ಲಾ ಸ್ಕಾಲಾದಲ್ಲಿ 1903ರಲ್ಲಿ ಮರುಗಾಯನಕ್ಕೆ ಗದ್ದಲವೆದ್ದಾಗ ಪ್ರದರ್ಶನದ ನಡುವೆಯೇ ಹೊರನಡೆದವರು ಮರಳಿದ್ದು 1906ರಲ್ಲಿ. 1926ರಲ್ಲಿ ಪುಚಿನಿಯ ಅಪೂರ್ಣ ಕೃತಿ ‘ತುರಾಂದೋತ್’ನ ಮೊದಲ ಪ್ರದರ್ಶನದಂದು, ರಚನಕಾರ ಲೇಖನಿ ಕೆಳಗಿಟ್ಟ ಸ್ಥಳದಲ್ಲೇ ಅವರೂ ಕೋಲು ಕೆಳಗಿಟ್ಟರು. ಮತ್ತೊಬ್ಬರು ಪೂರ್ಣಗೊಳಿಸಿದ ಅಂತ್ಯವನ್ನು ಆ ರಾತ್ರಿ ಯಾರೂ ಕೇಳಲಿಲ್ಲ.

ಈ ನಿಷ್ಠೆಯನ್ನು ಅಕ್ಷರಪೂಜೆಯೆಂದು ತಿಳಿಯುವುದು ತಪ್ಪಾದೀತು. 1898ರಲ್ಲಿ ವರ್ದಿಯ ‘ತೆ ದೇಉಂ’ ನುಡಿಸುವ ಮುನ್ನ ಅವರು ವೃದ್ಧ ರಚನಕಾರನನ್ನು ಕಂಡು ಪಿಯಾನೊದಲ್ಲಿ ನುಡಿಸಿ ತೋರಿಸಿದರು. ಒಂದೆಡೆ, ಬರೆದಿಲ್ಲದಿದ್ದರೂ, ಗತಿಯನ್ನು ತುಸು ನಿಧಾನಿಸಿದರು. ವರ್ದಿ ಮೆಚ್ಚಿದರು. ಅಲ್ಲಿ ನಿಧಾನವೆಂದು ಬರೆದಿದ್ದರೆ ವಾದಕರು ಅತಿಯಾಗಿ ಎಳೆದುಬಿಡುತ್ತಾರೆಂಬ ಭಯ ಅವರಿಗಿತ್ತಂತೆ. ಮುಂದೆ ಬೀತೊವನ್ ಕೃತಿಗಳ ವಾದ್ಯಯೋಜನೆಯನ್ನೂ ಟೋಸ್ಕನಿನಿ ಅಲ್ಲಲ್ಲಿ ತಿದ್ದಿದ್ದುಂಟು.

ವಾದಕರಿಗೆ ಅವರ ಸಿಟ್ಟು ಸಿಡಿಲಿನಂತೆ. ತಾಲೀಮಿನಲ್ಲಿ ಕೋಲುಗಳು ಮುರಿಯುತ್ತಿದ್ದವು, ಬೈಗುಳಗಳಿಗೆ ಮಿತಿಯಿರಲಿಲ್ಲ. ಸಂಗೀತಕ್ಕಾಗಿಯೇ ಆದರೂ ಅದು ಕ್ರೌರ್ಯವೇ.

ರಾಜಕೀಯದಲ್ಲೂ ಅವರು ಮೊದಲಿನಿಂದ ನಿಷ್ಕಳಂಕರಲ್ಲ. 1919ರ ಚುನಾವಣೆಯಲ್ಲಿ ಮುಸೊಲಿನಿಯ ಪಟ್ಟಿಯಿಂದಲೇ ಸ್ಪರ್ಧಿಸಿ ಸೋತಿದ್ದರು. ಭ್ರಮೆ ಬೇಗ ಹರಿಯಿತು. ಬೊಲೊನ್ಯಾದ ಹಲ್ಲೆಯ ನಂತರ ಸರ್ಕಾರ ಪಾಸ್‌ಪೋರ್ಟ್ ಕಸಿದುಕೊಂಡು ಮನೆಗೆ ಕಾವಲಿಟ್ಟಿತು. ಫ್ಯಾಸಿಸಂ ಇರುವವರೆಗೆ ಅವರು ತಾಯ್ನಾಡಿನಲ್ಲಿ ಮತ್ತೆ ಕೋಲು ಹಿಡಿಯಲಿಲ್ಲ. 1930ರಲ್ಲಿ ಜರ್ಮನಿಯ ಬೈರಾಯ್ಟ್ ಉತ್ಸವದಲ್ಲಿ ವಾಗ್ನರ್ ಕೃತಿ ನಡೆಸಿದ ಮೊದಲ ಜರ್ಮನೇತರ ಎಂಬ ಗೌರವ ಅವರದಾಗಿತ್ತು. 1933ರಲ್ಲಿ ಹಿಟ್ಲರನೇ ಪತ್ರ ಬರೆದರೂ, ಯಹೂದಿ ಕಲಾವಿದರಿಗಾಗುತ್ತಿದ್ದ ಅನ್ಯಾಯವನ್ನು ಪ್ರತಿಭಟಿಸಿ ಆ ಉತ್ಸವವನ್ನು ಬಿಟ್ಟರು. 1938ರಲ್ಲಿ ಸಾಲ್ಜ್‌ಬರ್ಗನ್ನೂ ತೊರೆದರು. ಈ ನಡುವೆ 1936ರ ಡಿಸೆಂಬರಿನಲ್ಲಿ, ಯೂರೋಪಿನಿಂದ ಹೊರದಬ್ಬಲ್ಪಟ್ಟ ಯಹೂದಿ ವಾದಕರ ಹೊಸ ವೃಂದವನ್ನು ಟೆಲ್ ಅವೀವ್‌ನಲ್ಲಿ ಸಂಭಾವನೆಯಿಲ್ಲದೆ ಉದ್ಘಾಟಿಸಿದ್ದರು. ಅದೇ ಮುಂದೆ ಮುಂಬೈನ ಜುಬಿನ್ ಮೆಹ್ತಾ ದಶಕಗಳ ಕಾಲ ಮುನ್ನಡೆಸಿದ ಇಸ್ರೇಲ್ ಫಿಲ್ಹಾರ್ಮೊನಿಕ್.

ಅಮೆರಿಕದಲ್ಲಿ ಎನ್‌ಬಿಸಿ ರೇಡಿಯೊ ಅವರಿಗೆಂದೇ ವಾದ್ಯವೃಂದ ಕಟ್ಟಿತು. 1937ರಿಂದ 17 ವರ್ಷ ಅದರ ಕಛೇರಿಗಳು ಮನೆಮನೆ ತಲುಪಿದವು. ಬಾಂಬ್ ದಾಳಿಗೆ ಕುಸಿದಿದ್ದ ಲಾ ಸ್ಕಾಲಾ 1946ರ ಮೇ 11ರಂದು ಮತ್ತೆ ತೆರೆದಾಗ ವೇದಿಕೆಯಲ್ಲಿದ್ದವರು ಅವರೇ. 1952ರಲ್ಲಿ ಲಂಡನ್ನಿನ ಫಿಲ್ಹಾರ್ಮೊನಿಯಾ ವೃಂದದೊಂದಿಗೆ ಬ್ರಾಮ್ಸ್‌ನ ನಾಲ್ಕೂ ಸಿಂಫೊನಿಗಳನ್ನು ನುಡಿಸಿದರು. ಆ ವೃಂದಕ್ಕೆ ಆರಂಭದ ವರ್ಷಗಳಲ್ಲಿ ಧನಸಹಾಯ ನೀಡಿದವರು ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಎಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ.

1954ರ ಏಪ್ರಿಲ್ 4ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ವಾಗ್ನರ್ ಕೃತಿಯ ನಡುವೆ ಆ ಅಸಾಧಾರಣ ನೆನಪು ಕೈಕೊಟ್ಟಿತು. ನೇರಪ್ರಸಾರ ಕ್ಷಣಕಾಲ ತಡೆಯಿತು. ಮತ್ತೆ ಸಾರ್ವಜನಿಕ ವೇದಿಕೆಯಲ್ಲಿ ಅವರು ನಿರ್ದೇಶಿಸಲಿಲ್ಲ. 1957ರ ಜನವರಿ 16ರಂದು ನ್ಯೂಯಾರ್ಕ್‌ನಲ್ಲಿ ನಿಧನರಾದ ಅವರನ್ನು ಮಿಲಾನ್‌ಗೆ ತಂದು ಸಮಾಧಿ ಮಾಡಲಾಯಿತು.