ಅಸ್ಸಿಸಿಯ ಸಂತ ಫ್ರಾನ್ಸಿಸ್: ಬಡತನವನ್ನು ವರಿಸಿದ ಬದುಕು

ಇಟಲಿಯ ಅಂಬ್ರಿಯಾ ಪ್ರಾಂತದಲ್ಲಿ ಬೆಟ್ಟದ ಇಳಿಜಾರಿನಲ್ಲಿರುವ ಊರು ಅಸ್ಸಿಸಿ. ಅಲ್ಲಿನ ಸಿರಿವಂತ ಬಟ್ಟೆ ವ್ಯಾಪಾರಿ ಪಿಯೆತ್ರೊ ಬೆರ್ನಾರ್ದೋನೆಯವರ ಮಗನಾಗಿ ಸುಮಾರು 1181ರಲ್ಲಿ ಸಂತ ಫ್ರಾನ್ಸಿಸ್ ಜನಿಸಿದರು. ಯೌವನದಲ್ಲಿ ಅವರನ್ನು ಸೆಳೆದದ್ದು ಗೆಳೆಯರ ಕೂಟ, ಹಾಡು ಮತ್ತು ವೀರಯೋಧನಾಗುವ ಕನಸು. 1202ರಲ್ಲಿ ನೆರೆಯ ಪೆರುಜಾ ನಗರದೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕು, ಸುಮಾರು ಒಂದು ವರ್ಷ ಬಂಧನದಲ್ಲಿ ಕಳೆದರು. ಬಿಡುಗಡೆಯ ಬಳಿಕ ಕಾಡಿದ ದೀರ್ಘ ಕಾಯಿಲೆಯಿಂದ ಎದ್ದ ಮೇಲೆ ಹಳೆಯ ಸುಖಗಳು ರುಚಿಸಲಿಲ್ಲ.

ಅವರ ಬದುಕು ತಿರುಗಿದ್ದು ಕುಷ್ಠರೋಗಿಗಳ ನಡುವೆ. ಕಂಡರೆ ದೂರ ಸರಿಯುತ್ತಿದ್ದ ಆ ಜನರ ಸೇವೆಗೆ ನಿಂತಾಗ ಕಹಿಯೇ ಸಿಹಿಯಾಯಿತೆಂದು ಅಂತ್ಯಕಾಲದಲ್ಲಿ ಅವರೇ ನೆನೆದುಕೊಂಡಿದ್ದಾರೆ. ಸಾನ್ ದಾಮಿಯಾನೊ ಎಂಬ ಪಾಳುಬಿದ್ದ ಪ್ರಾರ್ಥನಾಲಯದ ಜೀರ್ಣೋದ್ಧಾರಕ್ಕೆಂದು ತಂದೆಯ ಅಂಗಡಿಯ ಬಟ್ಟೆಗಳನ್ನು ಮಾರಿದಾಗ, ಕುಪಿತರಾದ ತಂದೆ ಮಗನನ್ನು ಬಿಷಪ್ಪರ ಮುಂದೆ ನಿಲ್ಲಿಸಿದರು. ಫ್ರಾನ್ಸಿಸ್ ಹಣದ ಜೊತೆಗೆ ತೊಟ್ಟ ಬಟ್ಟೆಯನ್ನೂ ಕಳಚಿ ಮುಂದಿಟ್ಟು, ಇನ್ನು ಪರಲೋಕದ ತಂದೆಯೊಬ್ಬನೇ ತನಗೆ ತಂದೆಯೆಂದರು. ಬಿಷಪ್ಪರು ತಮ್ಮ ಮೇಲುವಸ್ತ್ರವನ್ನು ಹೊದಿಸಿದರು. ಅಂದು ಮಗನಿಲ್ಲದೆ ಮನೆಗೆ ಮರಳಿದ ಆ ತಂದೆಯ ನೋವನ್ನೂ ನಾವು ಹಗುರವಾಗಿ ಕಾಣಲಾರೆವು.

1209ರಲ್ಲಿ ಹನ್ನೊಂದು ಮಂದಿ ಸಂಗಡಿಗರೊಡನೆ ರೋಮಿಗೆ ಹೋಗಿ ಪೋಪ್ ಮೂರನೆಯ ಇನ್ನೊಸೆಂಟ್ ಅವರಿಂದ ಬಾಯಿಮಾತಿನ ಒಪ್ಪಿಗೆ ಪಡೆದರು. ಕಿರಿಯ ಸಹೋದರರೆಂದು ಹೆಸರಿಟ್ಟುಕೊಂಡ ಈ ಬಳಗ ಕೈಯಾರೆ ದುಡಿಯಿತು. ದುಡಿಮೆಗೆ ಪ್ರತಿಫಲ ದೊರೆಯದಾಗ ಭಿಕ್ಷೆ ಬೇಡಿತು. ನಾಣ್ಯವನ್ನು ಮಾತ್ರ ಮುಟ್ಟುವಂತಿರಲಿಲ್ಲ. ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುವ ನಮ್ಮಂಥವರಿಗೆ ಈ ನಿಯಮವನ್ನು ಓದುವಾಗಲೇ ಅಳುಕು ಮೂಡುತ್ತದೆ. 1212ರಲ್ಲಿ ಕುಲೀನ ಮನೆತನದ ಕ್ಲಾರಾ ಮನೆ ತೊರೆದು ಬಂದರು; ಸಾನ್ ದಾಮಿಯಾನೊದಲ್ಲಿ ಅವರಿಂದ ಸ್ತ್ರೀಯರ ಸಂಘ ಬೆಳೆಯಿತು. 1219ರಲ್ಲಿ ಕ್ರೈಸ್ತರಿಗೂ ಮುಸಲ್ಮಾನರಿಗೂ ಯುದ್ಧ ನಡೆಯುತ್ತಿರುವಾಗಲೇ ಫ್ರಾನ್ಸಿಸ್ ಈಜಿಪ್ಟಿಗೆ ತೆರಳಿ, ಆಯುಧವಿಲ್ಲದೆ ಎದುರಾಳಿಗಳ ಪಾಳೆಯಕ್ಕೆ ನಡೆದು, ಸುಲ್ತಾನ್ ಅಲ್-ಕಾಮಿಲ್ ಅವರನ್ನು ಕಂಡು ಸುರಕ್ಷಿತವಾಗಿ ಹಿಂದಿರುಗಿದರು.

ಅಷ್ಟರಲ್ಲಿ ಬಳಗ ಬಹಳ ದೊಡ್ಡದಾಗಿತ್ತು. ಮನೆ, ಗ್ರಂಥ, ವಿದ್ಯೆಯ ಹಿರಿಮೆಗಳು ಬೇಕೆನ್ನುವವರು ಒಳಗೇ ಹುಟ್ಟಿಕೊಂಡರು. 1220ರಲ್ಲಿ ಫ್ರಾನ್ಸಿಸ್ ನಾಯಕತ್ವವನ್ನು ಬಿಟ್ಟುಕೊಟ್ಟರು. 1223ರಲ್ಲಿ ಪೋಪರ ಅನುಮೋದನೆ ಪಡೆದ ನಿಯಮಾವಳಿ ಅವರ ಹಿಂದಿನ ಬರಹಕ್ಕಿಂತ ಮೃದುವಾಗಿತ್ತು. ತಾವು ಕಟ್ಟಿದ್ದು ಕಣ್ಣೆದುರಿಗೇ ಬದಲಾಗುವುದನ್ನು ಕಾಣುವ ಸಂಕಟ ಅವರ ಪಾಲಿಗೆ ಬಂದಿತು.

ಅವರ ಕಾವ್ಯ ಹುಟ್ಟಿದ್ದು ಈ ಸಂಕಟದ ಕಾಲದಲ್ಲಿಯೇ. 1225ರಲ್ಲಿ ಸಾನ್ ದಾಮಿಯಾನೊದಲ್ಲಿ, ಕಣ್ಣುಬೇನೆಯಿಂದ ಬೆಳಕನ್ನೇ ಸಹಿಸಲಾರದೆ ಕತ್ತಲಲ್ಲಿ ಮಲಗಿದ್ದ ಅವರು ಸೂರ್ಯನನ್ನು ಸೋದರನೆಂದು ಕರೆದು ದೇವರನ್ನು ಸ್ತುತಿಸುವ ಗೀತೆಯನ್ನು ರಚಿಸಿದರು. ಅದರಲ್ಲಿ ಗಾಳಿ, ಬೆಂಕಿಗಳು ಸೋದರರು. ಚಂದ್ರ, ನೀರು ಸೋದರಿಯರು. ಭೂಮಿ ಸೋದರಿಯೂ ಹೌದು, ತಾಯಿಯೂ ಹೌದು. ಪಂಡಿತರ ಲ್ಯಾಟಿನ್ನನ್ನು ಬಿಟ್ಟು ಅಂಬ್ರಿಯಾದ ಆಡುನುಡಿಯಲ್ಲಿ ಹಾಡಿದ್ದರಿಂದ ಅದು ಇಟಾಲಿಯನ್ ಸಾಹಿತ್ಯದ ಮೊದಮೊದಲ ಕೃತಿಗಳಲ್ಲೊಂದಾಯಿತು. ಅಸ್ಸಿಸಿಯ ಬಿಷಪ್ಪರಿಗೂ ನಗರಾಧಿಪತಿಗೂ ಹಗೆ ಬೆಳೆದಾಗ, ಕ್ಷಮೆಯ ಕುರಿತ ಸಾಲುಗಳನ್ನು ಸೇರಿಸಿ, ಸಹೋದರರಿಂದ ಇಬ್ಬರ ಮುಂದೆ ಹಾಡಿಸಿದರು. ಅವರು ರಾಜಿಯಾದರು. ಕವಿತೆಯಿಂದ ಇಂಥ ಕೆಲಸವಾದದ್ದು ನಮಗೆ ಅದರ ಸಾಹಿತ್ಯ ಗುಣಕ್ಕಿಂತಲೂ ಹಿರಿದಾಗಿ ಕಾಣುತ್ತದೆ.

ಮರಣವನ್ನೂ ಸೋದರಿಯೆಂದು ಕರೆಯುವ ಸಾಲುಗಳನ್ನು ಅವರು ಸೇರಿಸಿದ್ದು ಕೊನೆಗೆ. 1226ರ ಅಕ್ಟೋಬರ್ 3ರ ಸಂಜೆ, ಅಸ್ಸಿಸಿಯ ಕೆಳಗಿನ ಪೋರ್ತ್ಸಿಯುಂಕೋಲಾದಲ್ಲಿ, ತಮ್ಮನ್ನು ಬರಿನೆಲದ ಮೇಲೆ ಮಲಗಿಸುವಂತೆ ಕೇಳಿಕೊಂಡು ದೇಹ ಬಿಟ್ಟರು. 1228ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಅದೇ ವರ್ಷ ಅವರ ಸಮಾಧಿಗಾಗಿ ಭವ್ಯವಾದ ದೇವಾಲಯಕ್ಕೆ ಅಡಿಗಲ್ಲು ಬಿದ್ದಿತು.