ಅಲೆಗಳ ಬೆನ್ನು ಹತ್ತಿದ ಕನ್ನಡತಿ: ಡಾ. ರಾಜೇಶ್ವರಿ ಚಟರ್ಜಿ



ನಮ್ಮ ಬೆಟ್ಟ ಬಯಲುಗಳ ಮೇಲೆ ವಿಮಾನ ಹಾದುಹೋಗುವಾಗ ನೀವು ತಲೆ ಎತ್ತಿ ನೋಡಿರುತ್ತೀರಿ. ಅಷ್ಟು ಎತ್ತರದಲ್ಲಿರುವ ಪೈಲಟ್ ನೆಲದ ಮೇಲಿನವರೊಡನೆ ಹೇಗೆ ಮಾತನಾಡುತ್ತಾನೆಂದು ಯೋಚಿಸಿದ್ದೀರಾ? ಕಣ್ಣಿಗೆ ಕಾಣದ ರೇಡಿಯೋ ಅಲೆಗಳು ಆ ಮಾತನ್ನು ಹೊತ್ತು ತರುತ್ತವೆ. ಅಲೆಗಳನ್ನು ಕಳುಹಿಸುವ ಮತ್ತು ಹಿಡಿಯುವ ಸಾಧನಕ್ಕೆ ಆಂಟೆನಾ ಎನ್ನುತ್ತಾರೆ. ಈ ಆಂಟೆನಾಗಳ ಅಧ್ಯಯನಕ್ಕೆ ತಮ್ಮ ಬದುಕನ್ನೇ ಮುಡಿಪಾಗಿಟ್ಟ ಕನ್ನಡದ ಮಹಿಳೆಯೊಬ್ಬರನ್ನು ನಿಮಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ರಾಜೇಶ್ವರಿಯವರು ಹುಟ್ಟಿದ್ದು 1922ರ ಜನವರಿ 24ರಂದು, ನಂಜನಗೂಡಿನಲ್ಲಿ. ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲವದು. ಆದರೆ ಆಕೆಯ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ರಾಜ್ಯದ ಮೊದಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು. ವಿಧವೆಯರು ಮತ್ತು ಗಂಡ ಬಿಟ್ಟ ಹೆಣ್ಣುಮಕ್ಕಳು ಓದಿ ಸ್ವಂತ ಕಾಲ ಮೇಲೆ ನಿಲ್ಲಲಿ ಎಂದು ಅವರು ದುಡಿದರು. ಬೆಂಗಳೂರಿನ ಮಹಿಳಾ ಸೇವಾ ಸಮಾಜ ನಡೆಸುತ್ತಿದ್ದ ಶಾಲೆಯಲ್ಲೇ ರಾಜೇಶ್ವರಿ ಓದಿದರು. ಓದಿದ ಅಜ್ಜಿಯೊಬ್ಬರು ಮನೆಯಲ್ಲಿದ್ದರೆ ಮೊಮ್ಮಗಳ ದಾರಿ ಎಷ್ಟು ಸುಗಮವಾಗುತ್ತದೆ ನೋಡಿ.

ಶಾಲೆ ಮುಗಿದಾಗ ಇತಿಹಾಸ ಓದುವ ಆಸೆಯೂ ಆಕೆಗಿತ್ತು. ಕೊನೆಗೆ ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ಗಣಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್, ಅನಂತರ ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ಎರಡರಲ್ಲೂ ಮೊದಲ ಸ್ಥಾನ ಪಡೆದರು.

1943ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯನ್ನು, ಅಂದರೆ ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆಯನ್ನು, ಸೇರಿದರು. ಅಲ್ಲಿನ ವಾತಾವರಣ ತಿಳಿಯಲು ಒಂದು ಘಟನೆ ಸಾಕು. ಕೇವಲ ಹತ್ತು ವರ್ಷಗಳ ಹಿಂದೆ, 1933ರಲ್ಲಿ, ಕಮಲಾ ಭಾಗವತ್ ಎಂಬ ಪ್ರತಿಭಾವಂತ ವಿದ್ಯಾರ್ಥಿನಿಗೆ ಹೆಣ್ಣೆಂಬ ಕಾರಣಕ್ಕೆ ಅಲ್ಲಿ ಪ್ರವೇಶ ನಿರಾಕರಿಸಲಾಗಿತ್ತು. ಆಕೆ ಹಟ ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೋನಿ ಎಂದು ಪ್ರಸಿದ್ಧರಾದವರು ಇವರೇ. ಒಬ್ಬಳು ಕಷ್ಟಪಟ್ಟು ತೆರೆದ ಬಾಗಿಲಿನಿಂದ ಇನ್ನೊಬ್ಬಳು ಒಳಗೆ ಬಂದಳು.

1946ರಲ್ಲಿ ದೆಹಲಿಯ ಮಧ್ಯಂತರ ಸರ್ಕಾರ ಪ್ರತಿಭಾವಂತರನ್ನು ವಿದೇಶಕ್ಕೆ ಕಳುಹಿಸಲು ವಿದ್ಯಾರ್ಥಿವೇತನ ನೀಡಿದಾಗ ರಾಜೇಶ್ವರಿಯವರೂ ಆಯ್ಕೆಯಾದರು. 1947ರಲ್ಲಿ, ಇನ್ನೂ ಮದುವೆಯಾಗದ ಈ ತರುಣಿ ಸಮುದ್ರ ದಾಟಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ವಿದ್ಯುತ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದು, ವಾಷಿಂಗ್ಟನ್‌ನಲ್ಲಿ ಎಂಟು ತಿಂಗಳು ಪ್ರಾಯೋಗಿಕ ತರಬೇತಿ ಮುಗಿಸಿದರು. ಮುಂದಿನ ಓದಿಗೆ ನೆರವಾದದ್ದು ಏಷ್ಯಾದ ಮಹಿಳೆಯರಿಗಾಗಿಯೇ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನ. 1953ರಲ್ಲಿ ಡಾಕ್ಟರೇಟ್ ಕೈಗೆ ಬಂತು. ದಾನಿಯೊಬ್ಬರು ಎಂದೋ ತೆಗೆದಿಟ್ಟ ಹಣ, ಅವರು ಕಂಡರಿಯದ ದೂರದ ನಾಡಿನ ಹೆಣ್ಣುಮಗಳನ್ನು ವಿಜ್ಞಾನಿಯನ್ನಾಗಿ ಮಾಡಿತು.

ಅದೇ ವರ್ಷ ಅವರು ತಾಯ್ನಾಡಿಗೆ ಮರಳಿ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗದಲ್ಲಿ ಅಧ್ಯಾಪಕಿಯಾದರು. ಅಲ್ಲಿಯೇ ಅಧ್ಯಾಪಕರಾಗಿದ್ದ ಶಿಶಿರ್ ಕುಮಾರ್ ಚಟರ್ಜಿಯವರನ್ನು ವಿವಾಹವಾದರು. ದಂಪತಿಗಳಿಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು. ದೇಶಕ್ಕೆ ಈ ವಿಷಯ ಆಗ ತೀರ ಹೊಸದು.

ಮೈಕ್ರೋವೇವ್ ಎಂದರೆ ಬಹಳ ಗಿಡ್ಡನೆಯ ರೇಡಿಯೋ ಅಲೆ. ರೇಡಾರ್ ಇಂಥ ಅಲೆಯನ್ನು ಬಿಟ್ಟು, ಅದು ವಸ್ತುವಿಗೆ ಬಡಿದು ಹಿಂತಿರುಗಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ವಿಮಾನದ ಆಂಟೆನಾಕ್ಕೆ ಒಂದು ತೊಡಕಿದೆ. ಅದು ಹೊರಗೆ ಚಾಚಿಕೊಂಡಿದ್ದರೆ ಗಾಳಿ ತಡೆಯುತ್ತದೆ, ಭಾರವಾದರೂ ತೊಂದರೆ. ಪ್ಲಾಸ್ಟಿಕ್‌ನಂತಹ ವಿದ್ಯುತ್ ಹರಿಯದ ವಸ್ತುವಿನ ಸರಳೊಂದು ಅಲೆಯನ್ನು ತನ್ನ ಉದ್ದಕ್ಕೂ ನಡೆಸಿ, ತುದಿಯಿಂದ ಬೇಕಾದ ದಿಕ್ಕಿಗೆ ಹರಿಸಬಲ್ಲದು. ಇಂತಹ ಆಂಟೆನಾಗಳ ಬಗ್ಗೆ ರಾಜೇಶ್ವರಿಯವರು ಪುಸ್ತಕವನ್ನೇ ಬರೆದರು. ವಿಮಾನ ಮತ್ತು ಬಾಹ್ಯಾಕಾಶ ನೌಕೆಗಳ ಆಂಟೆನಾಗಳು ಅವರ ಸಂಶೋಧನೆಯ ಮುಖ್ಯ ಕ್ಷೇತ್ರವಾದವು.

ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು. ನೂರಕ್ಕೂ ಹೆಚ್ಚು ಪ್ರಬಂಧಗಳು, ಏಳು ಪುಸ್ತಕಗಳು ಅವರ ಹೆಸರಿನಲ್ಲಿವೆ. ಅವರು ವಿಭಾಗದ ಮುಖ್ಯಸ್ಥರೂ ಆದರು. ಮಗಳು ಇಂದಿರಾ ತಾಯಿಯ ದಾರಿ ಹಿಡಿದು ಅಮೆರಿಕದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. 1982ರಲ್ಲಿ ನಿವೃತ್ತರಾದ ಮೇಲೂ ರಾಜೇಶ್ವರಿಯವರು ಸುಮ್ಮನೆ ಕೂರಲಿಲ್ಲ. ಭಾರತೀಯ ಮಹಿಳಾ ಅಧ್ಯಯನ ಸಂಘದೊಂದಿಗೆ ದುಡಿದರು. 2010ರ ಸೆಪ್ಟೆಂಬರ್ 3ರಂದು ನಿಧನರಾದರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ವಿದ್ಯಾರ್ಥಿನಿಯರೇ, ನಮಗೂ ಟಾಟಾ ಇನ್‌ಸ್ಟಿಟ್ಯೂಟಿಗೂ ಏನು ಸಂಬಂಧ ಎನ್ನಬೇಡಿ. ಆ ಸಂಸ್ಥೆಯ ಎರಡನೆಯ ಆವರಣ ಇರುವುದು ನಮ್ಮ ನೆರೆಯ ಚಳ್ಳಕೆರೆ ತಾಲೂಕಿನ ಕುದಾಪುರದಲ್ಲಿ. ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನೀಡುತ್ತಾರೆ. ನಿಮ್ಮ ಮೇಷ್ಟ್ರು, ಮೇಡಂ ಅಲ್ಲಿಗೆ ಹೋಗಿ ಬಂದಿದ್ದಾರೆಯೇ ಎಂದು ಕೇಳಿ ನೋಡಿ.

ಎಸ್.ಎಸ್.ಎಲ್.ಸಿ. ಆದ ಮೇಲೆ ಗಣಿತ ಕಷ್ಟ, ವಿಜ್ಞಾನ ಹುಡುಗರಿಗೆ ಎಂಬ ಮಾತು ಮನೆಯಲ್ಲಿ ಬಂದರೆ ನಂಜನಗೂಡಿನ ಈ ಹೆಣ್ಣುಮಗಳ ಕಥೆ ಹೇಳಿ. ವಿದ್ಯಾರ್ಥಿವೇತನದ ಪ್ರಕಟಣೆ ಕಂಡರೆ ಕೊನೆಯ ದಿನಾಂಕ ಮೀರುವ ಮೊದಲೇ ಅರ್ಜಿ ಹಾಕಿ. ಪೋಷಕರೇ, ಆ ಅರ್ಜಿಗೆ ಸಹಿ ಮಾಡಬೇಕಾದವರು ನೀವು. ಉಳ್ಳವರೇ, ಬಡ ವಿದ್ಯಾರ್ಥಿನಿಯೊಬ್ಬಳ ಒಂದು ವರ್ಷದ ಶುಲ್ಕವನ್ನಾದರೂ ಕಟ್ಟಿ. ರಾಜೇಶ್ವರಿಯವರ ಪ್ರತಿಭೆ ಅವರದೇ ಆಗಿತ್ತು, ನಿಜ. ಆದರೆ ಆ ಪ್ರತಿಭೆ ಬೆಳಗಲು ಓದಿಸಿದ ಅಜ್ಜಿ, ಕಲಿಸಿದ ಶಾಲೆ, ಸಕಾಲಕ್ಕೆ ಸಿಕ್ಕ ಎರಡು ವಿದ್ಯಾರ್ಥಿವೇತನಗಳೂ ಬೇಕಾದವು. ಅಷ್ಟನ್ನು ನಮ್ಮ ನಾಲ್ಕು ತಾಲೂಕುಗಳ ಮಕ್ಕಳಿಗೂ ಒದಗಿಸುವುದು ನಮ್ಮೆಲ್ಲರ ಕೈಯಲ್ಲಿದೆ.